ಕಂಡೆವು ಎನ್ನುವ ಊರು

ನನ್ನ ಆಯಿ ಫಕೀರವ್ವ ಕಟ್ಟೆಯ ಮೇಲೆ ನಿಂತು ತನ್ನ ಹೆಸರು ಮರೆತಾಗ ನಾನು ಕೆಳಗೆ ಅವಳ ಚಪ್ಪಲಿ ಹಿಡಿದುಕೊಂಡು ನಿಂತಿದ್ದೆ. ಆಯಿ ಅಂದರೆ ನಮ್ಮ ಕಡೆ ಅಪ್ಪನ ತಾಯಿ. ನಾವು ಆ ಊರಿನವರಲ್ಲ. ನಮ್ಮದು ಹತ್ತಿ ಹಿಂಜಿ ಗಾದಿ ಹೊಲಿಯುವ ಪಿಂಜಾರರ ಮನೆ. ನಮ್ಮ ಸೀಮೆಯ ಜನ ಅಂಗಡಿಯ ಸ್ಪಂಜಿನ ಹಾಸಿಗೆಗೆ ಮನಸೋತು ನಮ್ಮ ಕೈಗೆ ಕೆಲಸವಿಲ್ಲದಂತಾದಾಗ, "ಅಲ್ಲಿ ಥಂಡಿ ಭಾಳಂತ, ಗಾದಿ ಇಲ್ಲದ ಯಾರೂ ಮಲಗೂದಿಲ್ಲಂತ" ಎಂದು ಯಾರೋ ಅಂದ ಒಂದು ಮಾತು ನಂಬಿ ನಮ್ಮಪ್ಪ ರಾಜೇಸಾಬ ಹತ್ತಿ ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿದ. ಅವ್ವ, ಆಯಿ, ಅವ್ವನ ಸೊಂಟದ ಮೇಲಿದ್ದ ನಾನು. ರೈಲು, ದೋಣಿ, ಮತ್ತೆ ರೈಲು. ಇಳಿದಾಗ ಕಂಡದ್ದು ಗುಡ್ಡದ ಮೈಗೆ ಅಂಟಿಕೊಂಡ ಊರು. ಬೀದಿಗಳೆಲ್ಲ ಮೆಟ್ಟಿಲು. ತುದಿಯಲ್ಲಿ ಹಳೆಯ ಕುಳಗಳ ಮನೆಗಳು, ನಡುವೆ ಪೇಟೆ, ತೀರ ಕೆಳಗೆ ಗಾಜಿನ ಕಾರ್ಖಾನೆ. ನಮ್ಮಂಥವರಿಗೆ ಸಿಕ್ಕಿದ್ದು ಕಾರ್ಖಾನೆಯ ಹೊಗೆ ನೇರವಾಗಿ ಕಿಟಕಿಗೆ ಬರುವ ಓಣಿ.

ಆ ಊರಿನ ರೀತಿ ಇಷ್ಟು. ವರ್ಷಕ್ಕೊಮ್ಮೆ, ಚಳಿ ಕಾಲಿಡುವ ಮೊದಲು, ಹದಿನಾಲ್ಕು ತುಂಬಿದವರೆಲ್ಲರೂ ಪೇಟೆಯ ಕಲ್ಲುಕಟ್ಟೆ ಹತ್ತಿ ಅಲ್ಲಿನ ಭಾಷೆಯಲ್ಲಿ ತಮ್ಮ ಹೆಸರು ಹೇಳಿ, ಓಣಿ ಹೇಳಿ, "ನಾನು ಇಲ್ಲಿದ್ದೇನೆ" ಅನ್ನಬೇಕು. ಕೆಳಗೆ ನೆರೆದವರು ಒಂದೇ ಕೊರಳಿನಲ್ಲಿ "ಕಂಡೆವು" ಅನ್ನುತ್ತಾರೆ. ಅಷ್ಟಾದರೆ ಮುಂದಿನ ಚಳಿಯವರೆಗೆ ನೀವು ಊರಿಗೆ ಕಾಣುತ್ತೀರಿ. ಹೇಳಲಾರದವರು ಆ ಗಳಿಗೆಯಿಂದ ಯಾರ ಕಣ್ಣಿಗೂ ಕಾಣುವುದಿಲ್ಲ. ಮಕ್ಕಳದು ಬೇರೆ ಲೆಕ್ಕ. ಅವರಿನ್ನೂ ಕಟ್ಟೆ ಹತ್ತಿಲ್ಲವಾದ್ದರಿಂದ ಅವರಿಗೆ ಎಲ್ಲರೂ ಕಾಣುತ್ತಾರೆ. ಊರು ಇದಕ್ಕೆ ಎಂದೋ ಒಗ್ಗಿಹೋಗಿತ್ತು. ಹೆಂಗಸರು ಮುಸುರೆ ನೀರು ಚೆಲ್ಲುವ ಮೊದಲು ಖಾಲಿ ಬೀದಿಯತ್ತ "ನೀರು, ನೀರು" ಎಂದು ಕೂಗಿ ಆಮೇಲೆ ಚೆಲ್ಲುತ್ತಿದ್ದರು. ಬೇಕರಿಯವನು ನಿನ್ನೆಯ ಬ್ರೆಡ್ಡನ್ನು ಬೆಕ್ಕಿಗೆಂದು ಹಿಂಬಾಗಿಲ ಹೊರಗೆ ಇಡುತ್ತಿದ್ದ. ಅವನ ಓಣಿಯಲ್ಲಿ ಒಂದೂ ಬೆಕ್ಕಿರಲಿಲ್ಲ. ಎಂಥ ಸಂತೆಯ ಗದ್ದಲದಲ್ಲೂ ಗೋಡೆಯ ಪಕ್ಕದ ಒಂದು ಮೊಳ ಜಾಗವನ್ನು ಯಾರೂ ತುಳಿಯುತ್ತಿರಲಿಲ್ಲ. ನಾಯಿಗಳು ಮಾತ್ರ ಯಾವ ರೀತಿ ರಿವಾಜಿಗೂ ಬಗ್ಗದೆ ಬೊಗಳುತ್ತಿದ್ದವು.

ಆಯಿ ಮೊದಲ ವರ್ಷಗಳಲ್ಲಿ ಈ ಪರೀಕ್ಷೆಯನ್ನು ಹಬ್ಬದಂತೆ ಮಾಡಿದ್ದಳು. ಆ ಭಾಷೆಯ ಒಂದಕ್ಷರ ತಿಳಿಯದಿದ್ದರೂ ಹೇಳಬೇಕಾದ ಮಾತನ್ನು ಒಂದು ತಿಂಗಳ ಮುಂಚಿನಿಂದ ಹತ್ತಿ ಬಿಡಿಸುತ್ತ ಬಿಡಿಸುತ್ತ ಗುಣುಗುಣಿಸಿ ಬಾಯಿಪಾಠ ಮಾಡುತ್ತಿದ್ದಳು. ಕಟ್ಟೆ ಇಳಿದು ಬರುವಾಗ ಸೆರಗು ಸರಿಮಾಡಿಕೊಂಡು, "ಕಂಡ್ರಂತ! ಕಾಣದ ಏನ ಮಾಡ್ತಾರ, ಇಷ್ಟ ದೊಡ್ಡಾಕಿ ನಿಂತೀನಿ" ಎಂದು ನಗುತ್ತಿದ್ದಳು. ಆದರೆ ನನಗೆ ಹನ್ನೊಂದಾದ ವರ್ಷ ಅವಳು ಸಾರಿಗೆ ಉಪ್ಪು ಹಾಕಿ, ಮರೆತು, ಮತ್ತೆ ಹಾಕತೊಡಗಿದ್ದಳು. ಎಂದೋ ತೀರಿಹೋದ ತನ್ನ ತಂಗಿ ಖಾಸಿಂಬಿಯನ್ನು ಅಂಗಳದಲ್ಲಿ ಹುಡುಕುತ್ತಿದ್ದಳು. ಅಪ್ಪ ದಿನಾ ಬೆಳಿಗ್ಗೆ ಎದುರಿಗೆ ಕೂತು, "ಅನ್ನಬೇ ಯವ್ವಾ, ಅನ್ನು. ನನ್ನ ಹೆಸರು…" ಎಂದು ಅಲ್ಲಿನ ಭಾಷೆಯಲ್ಲಿ ಹೇಳಿಕೊಡುವನು. ಅವಳು ಅವನ ಬಾಯನ್ನೇ ನೋಡಿ, "ಎಷ್ಟ ಛಂದ ಮಾತಾಡತಿಯೋ ತಮ್ಮಾ, ಯಾವೂರಾತು ನಿಂದು?" ಎಂದು ಕೇಳುವಳು.

ಕಟ್ಟೆಯ ಮೇಲೆ ಅವಳು ಕೆಳಗಿನ ಜನವನ್ನೆಲ್ಲ ಒಮ್ಮೆ ಕಣ್ತುಂಬ ನೋಡಿದಳು. ಮುಖ ಅರಳಿತು. "ಇಷ್ಟ ಮಂದಿ ಕೂಡ್ಯಾರಲ್ಲ, ಮದಿವಿ ಯಾರದು? ಹೆಣ್ಣಿನ ಕಡೆಯವರಿಗೆ ಊಟ ಆತೇನು?" ಎಂದು ನಮ್ಮ ಮಾತಿನಲ್ಲಿ ಕೇಳಿದಳು. ನಾನು ಕೆಳಗಿನಿಂದ, "ಆಯೀ, ಹೆಸರ ಹೇಳ! ನಿನ್ನ ಹೆಸರ!" ಎಂದು ಕೂಗಿದೆ. ಅವಳು ನನ್ನತ್ತ ಕೈಬೀಸಿದಳು. ಹೊತ್ತು ಮುಗಿಯಿತೆಂದು ಸಾರುವ ಗಂಟೆ ಹಿಡಿದವನು ಕೆಟ್ಟವನಲ್ಲ; ಬೇಕಾದ್ದಕ್ಕಿಂತ ಹೆಚ್ಚು ಹೊತ್ತೇ ಕಾದ. ಆಮೇಲೆ ಬಾರಿಸಿದ. ಅಪ್ಪನ ಕಣ್ಣು ಅಲ್ಲಿಯವರೆಗೆ ಅವಳ ಮುಖದ ಮೇಲಿತ್ತು. ಗಂಟೆಯ ನಾದ ಕರಗುವಷ್ಟರಲ್ಲಿ ಅದು ಅವಳ ಹಿಂದಿನ ಗೋಡೆಯ ಮೇಲೆ ಹೋಗಿ ನಿಂತಿತ್ತು. "ಮನಿಗಿ ಹೋಗೂಣಲ್ಲ?" ಅಂದಳು ಅವ್ವ. ಇಬ್ಬರೂ ಹೊರಟೇಬಿಟ್ಟರು. ಮುಂದಿನ ಹೆಸರಿನವನು ಹತ್ತಿ ಬಂದು ಆಯಿಯ ಪಕ್ಕದಲ್ಲೇ ನಿಂತು ತನ್ನ ಮಾತು ಒಪ್ಪಿಸಿದ. ಜನ ಕಂಡೆವು ಅಂದರು. ಆಯಿ ಚಪ್ಪಾಳೆ ತಟ್ಟಿದಳು. ನಾನು ಹತ್ತಿಹೋಗಿ ಕೈಹಿಡಿದು ಇಳಿಸಿ, ಕೂತು, ಅವಳ ಕಾಲಿಗೆ ಚಪ್ಪಲಿ ಮೆಟ್ಟಿಸಿದೆ.

ಅಂದಿನಿಂದ ಆಯಿ ನನ್ನ ಪಾಲಿಗೆ ಬಂದಳು. ಅಪ್ಪ ಅವ್ವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಕಾಣದವಳನ್ನು ಅವರಾದರೂ ಹೇಗೆ ನೋಡಿಕೊಂಡಾರು? ಬೆಳಿಗ್ಗೆ ಅವಳ ಮುಖ ತೊಳೆಸಿ, ಸಿಕ್ಕಾದ ಕೂದಲು ಬಿಡಿಸಿ ತುರುಬು ಕಟ್ಟುತ್ತಿದ್ದೆ. ಹಾಸಿಗೆ ಒದ್ದೆಯಾಗಿದ್ದರೆ ಎಳೆದು ಹಿತ್ತಿಲಲ್ಲಿ ಹಾಕುತ್ತಿದ್ದೆ. ರೊಟ್ಟಿಯನ್ನು ಹಾಲಿನಲ್ಲಿ ಹಿಸುಕಿ ಬಾಯಿಗಿಡುತ್ತಿದ್ದೆ; ಒಮ್ಮೊಮ್ಮೆ ನುಂಗುವುದನ್ನೇ ಮರೆಯುವಳು, ಗಂಟಲು ಸವರಿ ನೆನಪು ಮಾಡಿಕೊಡಬೇಕು. ನಾನು ಅವಳಿಗೆ ಖಾಸಿಂಬಿಯಾಗಿದ್ದೆ. ಮೊದಮೊದಲು, "ನಾ ಇಮಾಂಬಿ ಆಯಿ, ನಿನ್ನ ಮೊಮ್ಮಗಳು" ಎಂದು ತಿದ್ದುತ್ತಿದ್ದೆ. ತಿದ್ದಿದಾಗಲೆಲ್ಲ ಅವಳು ಹೊಸದಾಗಿ, "ಹಂಗಾರ ಖಾಸಿಂಬಿ ಎಲ್ಲಿ?" ಎಂದು ಅಳುತ್ತಿದ್ದಳು. ಬಿಟ್ಟುಬಿಟ್ಟೆ. ಸಂಜೆಯಾದರೆ ಬಾಗಿಲ ಹತ್ತಿರ ನಿಲ್ಲುವಳು.

"ಹೊತ್ತ ಮುಣುಗಾಕತ್ತೈತಿ. ನಡಿ ಖಾಸಿಂಬಿ, ಮನಿಗಿ ಹೋಗೂಣು."

"ಇದ ಮನಿ ಆಯಿ."

"ಇದೆಲ್ಲೀ ಮನಿ? ಇಲ್ಲಿ ಮಂದಿ ಮಾತಾಡೂದಿಲ್ಲ."

ಶಾಲೆಯಲ್ಲಿ ನನ್ನಂಥವರು ಇನ್ನೂ ಇದ್ದರು. ನೀರಿಗೆ ಒಡೆದ ಕೈ, ಮಧ್ಯಾಹ್ನದ ತೂಕಡಿಕೆ, ಮೈಗೆ ಹತ್ತಿದ ಮೂತ್ರದ ವಾಸನೆ — ಒಬ್ಬರನ್ನೊಬ್ಬರು ಗುರುತಿಸಲು ಅಷ್ಟು ಸಾಕು. ಮಾತಾಡಿಕೊಳ್ಳುತ್ತಿರಲಿಲ್ಲ. ನನಗಿಂತ ತುಸು ದೊಡ್ಡವಳಾದ ಓರೆಲ್ ಎಂಬವಳು ಮಾತ್ರ ಗೆಳತಿಯಾಗಿದ್ದಳು. ಅವಳದು ಆ ಊರಿನದೇ ಕುಟುಂಬ, ಹಳೆಯದು. ಆದರೆ ಅವಳ ಅಜ್ಜನಿಗೂ ಕಟ್ಟೆಯ ಮೇಲೆ ನಾಲಿಗೆ ತಪ್ಪಿತ್ತು. ಅವನನ್ನು ಬಿಸಿಲಿಗೆ ಮೆಟ್ಟಿಲ ಮೇಲೆ ಕೂರಿಸಿ ಅವಳು ಉಗುರು ಕತ್ತರಿಸುತ್ತಿದ್ದರೆ ಪಕ್ಕದಲ್ಲಿ ನಾನು ಆಯಿಯ ಹೇನು ತೆಗೆಯುತ್ತಿದ್ದೆ. ಮುದುಕನೂ ಮುದುಕಿಯೂ ತಮ್ಮ ತಮ್ಮ ಭಾಷೆಯಲ್ಲಿ ಗಂಟೆಗಟ್ಟಲೆ ಮಾತಾಡಿಕೊಳ್ಳುತ್ತಿದ್ದರು. ಓರೆಲ್‌ಗೆ ಹದಿನಾಲ್ಕು ತುಂಬಿತು, ಕಟ್ಟೆ ಹತ್ತಿದಳು. ಮರುದಿನ ಅದೇ ಮೆಟ್ಟಿಲು ಇಳಿದು ಬಂದಳು. ಅಜ್ಜ ಕೈಚಾಚಿದ. ಅವಳು ಹಾದುಹೋದಳು. ನಾನು ಹಿಂದಿನಿಂದ ಓಡಿಹೋಗಿ, "ಈಗ ಅಲ್ಲಿ ಏನು ಕಾಣುತ್ತದೆ ನಿನಗೆ?" ಎಂದು ಕೇಳಿದೆ. "ಏನೂ ಇಲ್ಲ. ಮೆಟ್ಟಿಲು ಕಾಣುತ್ತದೆ" ಅಂದಳು. ಮೊದಲ ಹಿಮ ಬಿದ್ದ ಮೇಲೆ ಮುದುಕ ಅಲ್ಲಿರಲಿಲ್ಲ.

ಅದೇ ಚಳಿಗಾಲದಲ್ಲಿ ಆಯಿ ಬಿದ್ದಳು. ನೀರು ಹೆಪ್ಪುಗಟ್ಟಿದ ಮೆಟ್ಟಿಲ ಮೇಲೆ, ನಮ್ಮ ಮನೆಯ ಎದುರಿಗೇ. ಹುಬ್ಬಿನ ಮೇಲೆ ಒಡೆದು ರಕ್ತ ಕಣ್ಣಿಗಿಳಿಯುತ್ತಿತ್ತು. ಅವಳು ಮಗುವಿನಂತೆ ಅಳುತ್ತಿದ್ದಳು. ಅಪ್ಪನ ಕೆಲಸದ ಕೋಣೆ ನಾಲ್ಕು ಹೆಜ್ಜೆಯಾಚೆ, ಬಾಗಿಲು ತೆರೆದೇ ಇತ್ತು. "ಅಪ್ಪಾ, ಒಂದ ಕೈ ಹಿಡಿ ಬಾ! ನಿನಗ ಕಾಣದಿದ್ರೂ ನಾ ತೋರಸ್ತೀನಿ, ಎಲ್ಲಿ ಹಿಡೀಬೇಕು ಹೇಳ್ತೀನಿ!" ಎಂದು ಕಿರುಚಿದೆ. ಒಳಗಿನಿಂದ ಬಿಲ್ಲಿನ ಸದ್ದು ಬರುತ್ತಿತ್ತು, ಠಂಯ್ ಠಂಯ್. ನಾನು ಕೂಗಿದಷ್ಟೂ ಅದು ಜೋರಾಯಿತು. ಕೆಲಸ ಬಿಟ್ಟು ಬರುತ್ತಿದ್ದ ಜನ ಸಾಲು ಮುರಿದು, ನಮ್ಮ ಆಚೆ ಈಚೆ ಇಳಿದು, ಕೆಳಗೆ ಮತ್ತೆ ಸಾಲು ಸೇರಿದರು. ಕೊನೆಗೆ ನಾನು, ಅಪ್ಪ ಮಾರಲು ಹೊರಗಿಟ್ಟಿದ್ದ ಹೊಸ ಗಾದಿಯನ್ನು ಎಳೆದು ತಂದು ಆಯಿಯನ್ನು ಅದರ ಮೇಲೆ ಉರುಳಿಸಿ ಒಳಗೆ ಎಳೆದುಕೊಂಡು ಹೋದೆ. ಮರುದಿನ ಅಪ್ಪ ಏನೂ ಕೇಳದೆ ಆ ಗಾದಿಯ ಹೊಲಿಗೆ ಬಿಚ್ಚಿ, ರಕ್ತದ ಕಲೆಯಾದ ಬಟ್ಟೆ ತೆಗೆದುಹಾಕಿ, ಹೊಸ ಬಟ್ಟೆಯಲ್ಲಿ ಹೊಲಿದ. ಇಲಿ ಕಡಿದಿರಬೇಕು ಎಂದ.

ಆಯಿ ಬಿದ್ದ ಸಂಜೆಯೇ ನಾನು ವೈದ್ಯರ ಬಳಿ ಓಡಿದ್ದೆ. ನೆಟ್ಟಗಿನ ಹಣೆ ಹೊತ್ತು ಅವರೆದುರು ನಿಂತು, "ನನ್ನ ಹಣೆ ಒಡೆದಿದೆ" ಅಂದೆ.

ಅವರು ನನ್ನ ಹಣೆ ನೋಡಿದರು. "ಎಷ್ಟು ಉದ್ದ?"

"ಒಂದು ಬೆರಳಿನಷ್ಟು."

"ವಾಂತಿಯಾಯಿತೇ ನಿನಗೆ?"

"ಇಲ್ಲ."

"ನಿನ್ನ ವಯಸ್ಸೆಷ್ಟು?"

"ಎಪ್ಪತ್ತರ ಮೇಲೆ."

ಅವರು ನಗಲಿಲ್ಲ. ಮುಲಾಮು, ಪಟ್ಟಿ, ನಿದ್ದೆಗೆ ಅರ್ಧ ಅರ್ಧ ಮಾಡಿ ಕೊಡಬೇಕಾದ ಗುಳಿಗೆ ಎಲ್ಲ ಕಟ್ಟಿಕೊಟ್ಟರು. "ಇನ್ನು ಮೇಲೆ ನಿನ್ನನ್ನು ಒಬ್ಬಳೇ ಮೆಟ್ಟಿಲಿಳಿಯಲು ಬಿಡಬೇಡ" ಅಂದರು. ನನ್ನ ಸುಳ್ಳನ್ನು ನಂಬಿದರೆಂದು ಹಿಗ್ಗಿ ಮನೆಗೆ ಬಂದೆ.

ನನ್ನ ಹದಿನಾಲ್ಕು ಹತ್ತಿರ ಬಂದಂತೆ ಅವ್ವನ ಮುಖದಲ್ಲಿ ಕಳೆ ಬಂತು. ಅವಳು ಕಾರ್ಖಾನೆಯಲ್ಲಿ ಬಾಟಲಿ ತೊಳೆಯುತ್ತಿದ್ದಳು. ಬೆರಳುಗಳೆಲ್ಲ ಗಾಜಿನ ಗೀರು. ಕಟ್ಟೆ ಹತ್ತಿದ ಮಗಳಿಗೆ ಪ್ಯಾಕಿಂಗಿನ ಕೋಣೆಯಲ್ಲಿ ಕೂತು ಮಾಡುವ ಕೆಲಸ ಸಿಗುತ್ತದೆಂದು ಮೇಲ್ವಿಚಾರಕಿಯ ಬಾಯಿಂದ ಮಾತು ಪಡೆದಿದ್ದಳು. ನನಗೆ ನೀಲಿ ಬಟ್ಟೆ ತಂದು ರವಿಕೆ ಹೊಲಿದಳು. ನಾನು, "ಈ ವರ್ಷ ಬ್ಯಾಡವ್ವಾ, ಬರೂ ವರ್ಷ ಹತ್ತತೀನಿ" ಅಂದೆ.

"ಈ ವರ್ಷ ಹತ್ತದಿದ್ರ ಬರೂ ವರ್ಷ ಯಾರ ಕರೀತಾರ ನಿನ್ನ? ಕಾಣದಾಕಿ ಆಗಿ ಹೋಗ್ತೀ."

"ನಾ ಹತ್ತಿದ್ರ ಆಯಿಗಿ ಕೂಳ ಯಾರ ಹಾಕ್ತಾರ?"

ಅಪ್ಪ ಉಣ್ಣುತ್ತಿದ್ದವನು ತಲೆ ಎತ್ತಲಿಲ್ಲ. "ಯಾವ ಆಯಿ?" ಅಂದ.

ಅವನ ಮೊಣಕಾಲಿಗೆ ಒಂದು ಗೇಣು ದೂರದಲ್ಲಿ ಆಯಿ ಕೂತು ಬರಿಗೈಯಲ್ಲಿ ಇಲ್ಲದ ಹತ್ತಿಯಿಂದ ಬೀಜ ಬಿಡಿಸುತ್ತಿದ್ದಳು.

ಹತ್ತದೆ ಉಪಾಯವಿರಲಿಲ್ಲ. ನಾನೂ ಕಾಣದವಳಾದರೆ ಇಬ್ಬರಿಗೂ ಅನ್ನವಿಲ್ಲ. ಆದ್ದರಿಂದ ನಾನು ಕಾಣದ ಆಯಿಯನ್ನು ನೋಡಿಕೊಳ್ಳುವುದನ್ನು ಕಲಿಯತೊಡಗಿದೆ. ದಿನಾ ಕಣ್ಣು ಮುಚ್ಚಿಕೊಂಡು ಅವಳ ತಲೆ ಬಾಚಿದೆ. ಕಣ್ಣು ಮುಚ್ಚಿಕೊಂಡೇ ತುತ್ತನ್ನು ತುಟಿಯವರೆಗೆ ಒಯ್ದೆ. ಮೊದಲ ವಾರ ಅರ್ಧ ರೊಟ್ಟಿ ಅವಳ ಕೊರಳಿಗೇ ಇಳಿಯಿತು. ಮುಖವನ್ನು ಬೆರಳಿನಲ್ಲಿ ಓದಿದೆ: ಹುಬ್ಬಿನ ಮೇಲಿನ ಗಾಯದ ಗೆರೆ, ಹಲ್ಲಿಲ್ಲದ ಕಡೆ ಒಳಕ್ಕೆ ಸರಿದ ಕೆನ್ನೆ, ಕಿವಿಯ ಜೋತುಬಿದ್ದ ತೂತು. ಅವಳು ಕಚಗುಳಿಯಾಗಿ ಕಿಲಕಿಲ ನಗುವಳು. ಎಲ್ಲಿಗೆ ಹೋದರೂ ತಿಳಿಯಲೆಂದು ಕಾಲಿಗೆ ಗೆಜ್ಜೆ ಕಟ್ಟಿದೆ. ಗೆಜ್ಜೆ ಕಟ್ಟಿದ್ದಕ್ಕೆ ಆಯಿಗೆ ಎಷ್ಟು ಹಿಗ್ಗೆಂದರೆ ಇಡೀ ದಿನ ಕಾಲು ಕುಣಿಸುತ್ತ ಕೂತಳು. "ಸಾವಕಾಶ ಕುಣೀಬೇ, ಹರದೀತು" ಅಂದರೆ, "ಹರದ್ರ ಅಪ್ಪ ಬ್ಯಾರೆ ತರ್ತಾನ" ಅಂದಳು. ಅವಳು ಯಾರ ಅಪ್ಪನ ಮಾತಾಡುತ್ತಿದ್ದಳೋ.

ಕಟ್ಟೆಯ ದಿನ ನೀಲಿ ಬಟ್ಟೆ ಉಟ್ಟು ಹೋಗುವ ಮೊದಲು ನಾನು ಅವಳೆದುರು ಕೂತು ಅವಳನ್ನು ನೋಡಿದೆ. ಸಾಕಾಗುವಷ್ಟು ನೋಡಬೇಕೆಂದು ನೋಡಿದೆ. ಸಾಕಾಗಲಿಲ್ಲ. ಅವ್ವ ರಟ್ಟೆ ಹಿಡಿದು ಎಬ್ಬಿಸಿದಳು. ಕಟ್ಟೆಯ ಮೇಲೆ ನನ್ನ ಮಾತು ತಪ್ಪಲಿಲ್ಲ; ಆ ಭಾಷೆ ನನಗೆ ತಾಯಿಮಾತಿಗಿಂತ ಸಲೀಸಾಗಿತ್ತು. "ಕಂಡೆವು" ಎಂದಿತು ಊರು. ಅದು ಎಂಥ ಸದ್ದು ಎಂದು ಹೇಳಲಾರೆ. ಆ ಒಂದು ಕ್ಷಣ ನನಗೆ ಖುಷಿಯಾಯಿತು. ಆಮೇಲೆ ಕಣ್ಣು ಮುಚ್ಚಿದೆ. ಮನೆಯವರೆಗೂ ತೆರೆಯಲಿಲ್ಲ. "ನಾಚಿಕಿ ನೋಡು ಹುಡುಗಿಗಿ" ಎಂದು ನಗುತ್ತ ಅವ್ವ ಕೈಹಿಡಿದು ನಡೆಸಿಕೊಂಡು ಬಂದಳು. ಹೊಸ್ತಿಲು ದಾಟಿದ್ದು ಕಾಲಿಗೆ ತಿಳಿಯಿತು. ಗೆಜ್ಜೆಯ ಸದ್ದು ಕೇಳಿತು. ಸದ್ದಾದರೂ ಉಳಿಯಿತಲ್ಲ ಎಂದುಕೊಂಡು ಕಣ್ಣು ತೆರೆದೆ.

ಆಯಿ ಅಲ್ಲೇ ಕೂತಿದ್ದಳು. ಬೆಳಿಗ್ಗೆ ನಾನು ಕಟ್ಟಿದ ತುರುಬು, ಹರಿದ ತೋಳಿನ ಕುಪ್ಪಸ, ಕೆನ್ನೆಗೆ ಹತ್ತಿದ ರೊಟ್ಟಿಯ ಚೂರು. ಕಿಟಕಿಯ ಬಿಸಿಲು ಅವಳ ಮೇಲೆ ಬಿದ್ದಿತ್ತು, ಅವಳ ನೆರಳು ಗೋಡೆಯ ಮೇಲೆ ಬಿದ್ದಿತ್ತು.

ಇನ್ನೂ ಹೊತ್ತಿರಬಹುದು, ರಾತ್ರಿ ಕಳೆದರೆ ಮಾಸಬಹುದು ಎಂದುಕೊಂಡೆ. ಬೆಳಗಾಯಿತು. ಕಂಡಳು. ಮರುದಿನವೂ ಕಂಡಳು. ಮೂರನೆಯ ದಿನ ಆಯಿಗೆ ತಲೆ ಬಾಚುತ್ತಿದ್ದವಳು ಯಾಕೋ ತಿರುಗಿದೆ. ಒಲೆಯ ಮುಂದೆ ಕೂತ ಅವ್ವ ನಮ್ಮಿಬ್ಬರನ್ನೂ ನೋಡುತ್ತಿದ್ದಳು. ನನ್ನನ್ನಲ್ಲ, ನಮ್ಮಿಬ್ಬರನ್ನೂ. ಕಣ್ಣು ಸೇರಿದ್ದೇ ತಡ, ಹಿಟ್ಟಿನ ಮೇಲೆ ಬಾಗಿದಳು.

"ಅವ್ವಾ. ನಿನಗ ಕಾಣತಾಳ?"

"ಸುಮ್ನಿರ."

"ಕಾಣತಾಳಲ್ಲ? ಮೊದಲಿಂದನೂ?"

ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. "ಮೊದಲ ಒಂದ ತಿಂಗಳ ತ್ರಾಸ ಆಕ್ಕೈತಿ. ಆಮ್ಯಾಲ ರೂಢಿ ಆಕ್ಕೈತಿ. ಮನಿಯಾಗ ಏನರ ಮಾಡು, ಹೊರಗ ಮಾತ್ರ ಆ ಕಡೆ ನೋಡಬ್ಯಾಡ" ಅಂದಳು. ಅಷ್ಟು ಮೆಲ್ಲಗೆ, ಅಡುಗೆಯ ಹದ ಹೇಳಿಕೊಡುವಂತೆ.

ನಾನು ಅಪ್ಪನ ಕೋಣೆಗೆ ಹೋದೆ. ಹತ್ತಿಯ ಧೂಳಿನಲ್ಲಿ ಅವನ ಹುಬ್ಬು, ಮೀಸೆ ಎಲ್ಲ ಬೆಳ್ಳಗಿದ್ದವು. ನನ್ನ ಮುಖ ನೋಡಿಯೇ ಅವನಿಗೆ ಗೊತ್ತಾಯಿತು. ಬಿಲ್ಲು ಕೆಳಗಿಟ್ಟ.

"ಎಲ್ಲಾರಿಗೂ ಕಾಣತೈತಿ ಇಮಾಂಬಿ. ಇಡೀ ಊರಿಗಿ ಕಾಣತೈತಿ. ಕಾಣದವರನ್ನ ನೋಡಿದಾವ ತಾನೂ ಕಾಣದವ ಆಗ್ತಾನ, ಅಷ್ಟ. ನಾ ಆಕಿನ್ನ ನೋಡಿದ್ರ ನನ್ನ ಯಾರ ನೋಡ್ತಾರ? ನನ್ನ ಗಾದಿ ಯಾರ ಒಯ್ತಾರ? ಊರವರ ಆದ್ರ ನಾಕ ಮಂದಿ ಬೆನ್ನಿಗಿರ್ತಾರ. ನಾವು ಬಂದ ಮಂದಿ."

"ಆಕಿ ಬಿದ್ದಾಗ ನೀ ಹತ್ತಿ ಹಿಂಜಕೋತ ಕುಂತಿದ್ದಿ."

"ಹೌದು."

"ನಾ ಒದರಿದ್ದು ಕೇಳತಿತ್ತಲ್ಲ?"

"ಕೇಳಬಾರದಂತನ ಅಷ್ಟ ಜೋರ ಹಿಂಜತಿದ್ದೆ" ಅಂದ ಅಪ್ಪ. "ನನ್ನ ಹಡದಾಕಿ ಆಕಿ. ನಿನಗ ಆಯಿ ಅಷ್ಟ." ಬಿಲ್ಲನ್ನು ಮತ್ತೆ ಎತ್ತಿಕೊಂಡು, "ನೀ ಅದೀ ಅಂತ ನನಗ ಧೈರ್ಯ ಇತ್ತು" ಎಂದ.

ಅದು ಹೊಗಳಿಕೆಯೆಂದು ಅವನು ತಿಳಿದಿದ್ದ. ಹನ್ನೊಂದರ ಹುಡುಗಿ ಒದ್ದೆ ಗಾದಿ ಎಳೆಯುವುದನ್ನು ಮೂರು ವರ್ಷ ನೋಡುತ್ತ, ನೋಡದವನಂತೆ ಉಂಡು ಎದ್ದವನ ಧೈರ್ಯ. ರೊಟ್ಟಿ ದಿನಾ ಎರಡು ಹೆಚ್ಚಿಗೆ ಇರುತ್ತಿದ್ದದ್ದು ಅವ್ವನ ಲೆಕ್ಕ ತಪ್ಪಿ ಅಲ್ಲ. ವೈದ್ಯರು ನನ್ನನ್ನು ನಂಬಿದ್ದೂ ಅಲ್ಲ. ಓರೆಲ್ ಕಂಡದ್ದು ಮೆಟ್ಟಿಲೂ ಅಲ್ಲ. ಒಂದೊಂದಾಗಿ ಎಲ್ಲ ಬಂದು ಎದೆಯ ಮೇಲೆ ಕೂತವು. ದೇವರ ಮಾಯೆಯಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡೆ. ಮಾಯೆಯ ಮೇಲೆ ಯಾರೂ ಸಿಟ್ಟಾಗಬೇಕಿಲ್ಲ.

ಕಾರ್ಖಾನೆಗೆ ಹೋಗತೊಡಗಿದೆ. ಹೋಗುವಾಗ ಆಯಿಯನ್ನು ಒಳಗೆ ಬಿಟ್ಟು ಹೊರಗಿನ ಅಗುಳಿ ಹಾಕುತ್ತಿದ್ದೆ. ಬಂದು ಒದ್ದೆ ಬಟ್ಟೆ ಬದಲಿಸಿ ಉಣಿಸುತ್ತಿದ್ದೆ. ಅಪ್ಪ ಅವ್ವ ಈಗ ನನ್ನೆದುರು ಕಣ್ಣು ತಪ್ಪಿಸುವ ಗೋಜಿಗೂ ಹೋಗಲಿಲ್ಲ, ನೋಡುತ್ತಿದ್ದರು, ಕೈ ಹಚ್ಚುತ್ತಿರಲಿಲ್ಲ. ಒಮ್ಮೆ ಅವ್ವ ಬಾಗಿಲು ಭದ್ರ ಮಾಡಿ ಬಂದು, ಆಯಿಯ ಹಣೆಯ ಮೇಲೆ ಬಿದ್ದ ಕೂದಲನ್ನು ಕಿವಿಯ ಹಿಂದೆ ಸರಿಸಿದಳು. ಆಯಿ ಅವಳ ಕೈಹಿಡಿದು, "ಯಾರವ್ವ ನೀನು? ಬೆರಳ ಎಲ್ಲಾ ಕೊಯ್ಕೊಂಡೀಯಲ್ಲ" ಅಂದಳು. ಅವ್ವ ಕೈ ಬಿಡಿಸಿಕೊಂಡು ಒಳಗೆ ಹೋದಳು. ಇನ್ನೊಮ್ಮೆ ಹತ್ತಿರ ಬರಲಿಲ್ಲ.

ಒಂದು ಮಧ್ಯಾಹ್ನ ಊಟದ ಸೀಟಿ ಆಗಿ ನಾವು ಪ್ಯಾಕಿಂಗಿನ ಹುಡುಗಿಯರೆಲ್ಲ ಕಾರ್ಖಾನೆಯ ಗೇಟಿನ ಹೊರಗೆ ಬಿಸಿಲು ಕಾಯಿಸುತ್ತ ನಿಂತಿದ್ದೆವು. ಗೆಜ್ಜೆಯ ಸದ್ದು ಮೊದಲು ಕೇಳಿದವಳು ನಾನು. ಅಗುಳಿ ಯಾರು ತೆಗೆದರೋ, ಸರಿಯಾಗಿ ಬಿದ್ದಿರಲಿಲ್ಲವೋ. ಆಯಿ ಮೆಟ್ಟಿಲಿಳಿದು ಬರುತ್ತಿದ್ದಳು. ಬರಿಗಾಲು, ಮೈಮೇಲೆ ಕೌದಿಯಿಲ್ಲ, ಮುಷ್ಟಿಯಲ್ಲಿ ಒಂದು ಹಿಡಿ ಹತ್ತಿ. ಅವಳು ಹುಡುಗಿಯರ ಗುಂಪನ್ನು ನೋಡಿ ನಿಂತಳು. "ಖಾಸಿಂಬೀ!" ಎಂದು ಕೂಗಿದಳು. "ಏ ಖಾಸಿಂಬೀ, ಥಂಡಿ ಹತ್ತೇತಿ, ಮನಿಗಿ ಹೋಗೂಣು ಬಾ!"

ಗುಂಪು ಮಾತು ನಿಲ್ಲಿಸಲಿಲ್ಲ. ಓರೆಲ್ ಮಾತ್ರ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು, "ಮೆಟ್ಟಿಲನ್ನೇ ನೋಡು" ಅಂದಳು ಪಿಸುದನಿಯಲ್ಲಿ. "ಮೆಟ್ಟಿಲನ್ನೇ ನೋಡುತ್ತಿರು. ಹೋಗಿಬಿಡುತ್ತಾರೆ." ಅವಳ ಉಗುರು ನನ್ನ ಚರ್ಮಕ್ಕಿಳಿದಿತ್ತು. ಅವಳು ಎಷ್ಟು ದಿನ ಹೀಗೆ ನೋಡಿದ್ದಳೋ.

ಆಯಿ ಕರೆದದ್ದು ನನ್ನ ಹೆಸರೇ ಅಲ್ಲ. ಓಗೊಡದಿದ್ದರೆ ಯಾರೂ ನನ್ನನ್ನು ದೂರುವಂತಿರಲಿಲ್ಲ. ಎರಡು ಸಲ ಕರೆದು, ದಣಿದು, ಅವಳು ರಸ್ತೆಯ ನಡುವೆ ಕುಕ್ಕರಗಾಲಲ್ಲಿ ಕೂತುಬಿಟ್ಟಳು. ಕೂತು ಹತ್ತಿ ಬಿಡಿಸತೊಡಗಿದಳು. ಆಗಲೇ ಬಾಟಲಿಯ ಪೆಟ್ಟಿಗೆ ಹೇರಿದ ಕುದುರೆಗಾಡಿ ತಿರುವಿನಿಂದ ಇಳಿಜಾರಿಗೆ ಬಂತು. ಗಾಡಿಯವನು ಆಯಿಯನ್ನು ನೋಡಿದ. ನೋಡಿ, ಮುಖವನ್ನು ಪಕ್ಕದ ಗೋಡೆಗೆ ತಿರುಗಿಸಿಕೊಂಡ. ಲಗಾಮು ಎಳೆಯಲಿಲ್ಲ. ಇಲ್ಲದವಳಿಗಾಗಿ ಗಾಡಿ ನಿಲ್ಲಿಸುವುದು ಹೇಗೆ?

"ಬಂದ್ನಿ ಆಯಿ!" ಅಂದೆ.

ಓರೆಲ್‌ಳ ಹಿಡಿತದಿಂದ ಕೈ ಕಿತ್ತುಕೊಂಡು ಓಡಿ ಆಯಿಯನ್ನು ತಬ್ಬಿ, "ನಿಲ್ಲಿಸು! ಕಣ್ಣಿಲ್ಲವೇ ನಿನಗೆ? ಇಬ್ಬರಿದ್ದೇವೆ ಇಲ್ಲಿ!" ಎಂದು ಅವನ ಭಾಷೆಯಲ್ಲಿ ಅರಚಿದೆ. ಕುದುರೆ ತಾನೇ ಹೆದರಿ ಪಕ್ಕಕ್ಕೆ ಹಾರಿತು. ಗಾಲಿ ಗಟಾರಕ್ಕಿಳಿಯಿತು. ಪೆಟ್ಟಿಗೆಗಳು ಉರುಳಿ ರಸ್ತೆಯ ತುಂಬ ಹಸಿರು ಗಾಜು. ಜನ ಓಡಿ ಬಂದರು. ಕುದುರೆಯ ಕಾಲು ನೋಡಿದರು, ಗಾಡಿಯವನ ಮೊಣಕೈ ನೋಡಿದರು, ಕಲ್ಲು ಸಿಕ್ಕಿರಬೇಕು ಅಂದರು. ಗಾಜಿನ ನಡುವೆ ಕೂತ ನಮ್ಮಿಬ್ಬರ ಸುತ್ತ ಪೊರಕೆ ಹಿಡಿದು ಗುಡಿಸಿದರು, ಒಂದು ಚೂರೂ ನಮಗೆ ತಾಗದಂತೆ. ಒಳಗೆ ಕರೆಯುವ ಸೀಟಿ ಆಯಿತು. ಮೇಲ್ವಿಚಾರಕಿ ಹುಡುಗಿಯರನ್ನು ಎಣಿಸಿದಳು. ಓರೆಲ್ ಹಿಂತಿರುಗಿ ನೋಡಲಿಲ್ಲ. "ಎಲ್ಲರೂ ಇದ್ದಾರೆ" ಎಂದು ಹೇಳಿದ್ದು ಅವಳ ದನಿಯೇ. ಗೇಟು ಮುಚ್ಚಿತು.

ಮನೆಗೆ ಬರುವ ದಾರಿಯಲ್ಲಿ ಗೋಡೆಯ ಪಕ್ಕದ ಒಂದು ಮೊಳ ಜಾಗದಲ್ಲಿ ಆಯಿಯನ್ನು ಹಿಡಿದುಕೊಂಡು ನಡೆದೆ. ಒಬ್ಬಳು ಹೆಂಗಸು ನನ್ನತ್ತ ನೋಡದೆ "ನೀರು, ನೀರು" ಅಂದಳು. ನಾನು ನಿಂತೆ. ಅವಳು ಚೆಲ್ಲಿದಳು.

ಸುದ್ದಿ ನಮಗಿಂತ ಮೊದಲು ಮನೆ ಮುಟ್ಟಿತ್ತು. ಅವ್ವನ ಕಣ್ಣು ಊದಿಕೊಂಡಿತ್ತು. ಪಕ್ಕದ ಮನೆಯವಳು ಬಾಗಿಲಲ್ಲಿ ನಿಂತು ಏನೋ ಕೇಳಿಕೊಳ್ಳುವ ನೆಪದಲ್ಲಿ ಒಳಗೆ ಇಣುಕುತ್ತಿದ್ದಳು, ಹೋಗಲೇ ಒಲ್ಲಳು. ಅವ್ವ ಎರಡು ತಾಟು ಹಾಕಿದಳು. ಒಂದು ಅಪ್ಪನಿಗೆ, ಒಂದು ತನಗೆ. ರೊಟ್ಟಿಯ ಬುಟ್ಟಿಯನ್ನೂ ಪಲ್ಯದ ಪಾತ್ರೆಯನ್ನೂ ಮುಚ್ಚದೆ ಒಲೆಯ ಬದಿಗೆ ಬಿಟ್ಟಳು. "ಕಟ್ಟೆ ಹತ್ತಿದ ಹುಡುಗಿ, ಎಂಥ ಒಳ್ಳೆಯ ಕೆಲಸ ಸಿಕ್ಕಿತ್ತು" ಎಂದು ಪಕ್ಕದವಳು ಲೊಚಗುಟ್ಟಿದಳು, ಸತ್ತವರ ಬಗ್ಗೆ ಹೇಳುವಂತೆ. ಅವ್ವ ಹೂಂ ಅಂದಳು. ಅಪ್ಪ ರೊಟ್ಟಿ ಮುರಿದ.

ನಾನು ಎದ್ದು ಹೋಗಿ ಒಂದು ತಟ್ಟೆಯಲ್ಲಿ ರೊಟ್ಟಿ ಪಲ್ಯ ಬಡಿಸಿಕೊಂಡು ಬಂದು, ಅವರಿಬ್ಬರ ಎದುರಿಗೇ ಆಯಿಯನ್ನು ಕೂರಿಸಿ ಉಣಿಸತೊಡಗಿದೆ. ಅಪ್ಪ ನಮ್ಮ ಹಿಂದಿನ ಗೋಡೆಯನ್ನು ನೋಡುತ್ತಿದ್ದ. ಮುರಿದ ರೊಟ್ಟಿ ಕೈಯಲ್ಲೇ ಇತ್ತು. ಅವನ ಮೀಸೆಯ ಹತ್ತಿಯ ಧೂಳಿನಲ್ಲಿ ಒದ್ದೆಯ ಒಂದು ಗೆರೆ ಇಳಿದು ಬಂತು, ಆಮೇಲೆ ಇನ್ನೊಂದು. ಪಕ್ಕದವಳಿಗೆ ಕಾಣದಂತೆ ಅವನು ತುಸು ಓರೆಯಾಗಿ ಕೂತ.

ಆಯಿ ತುತ್ತು ನುಂಗುವುದನ್ನು ಮರೆತು ಅವನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಕೈಚಾಚಿ ಅವನತ್ತ ಬೆರಳು ಮಾಡಿದಳು.

"ಯಾರ ಮಗಾ ಅಂವ? ಪಾಪ, ಯಾಕ ಅಳಾಕತ್ತಾನ?"

ನಾನು ಅವಳ ಗಂಟಲು ಸವರಿದೆ.

"ಅಲ್ಲಿ ಯಾರೂ ಇಲ್ಲ ಆಯಿ" ಅಂದೆ. "ನೀ ಉಣ್ಣು."